ಆಟಿಕೆಯಲ್ಲದ ಆಟಿಕೆ

ಚಿಂಚಲಿ ಮಾಯಕ್ಕನ ಜಾತ್ರೆಯಾಗಲಿ, ನಿಪ್ಪಾಣಿಯ ಸಂತೆಯಾಗಲಿ, ಪೀಪಿ, ಬಲೂನುಗಳ ಪಕ್ಕದಲ್ಲೇ ಬೆರಳುದ್ದದ ಕೆಂಪು ಲೇಸರ್ ಟಾರ್ಚೂ ಮಾರಾಟಕ್ಕಿರುತ್ತದೆ. ಅದನ್ನು ಆಟಿಕೆಯೆಂದು ಮಾರುವುದಕ್ಕೇ ನನ್ನ ತಕರಾರು.

ಮೊದಲು ಅದರ ಗುಣ ಹೇಳಬೇಕು. ವಿಜ್ಞಾನದ ಪಾಠಕ್ಕೆ ಇಷ್ಟು ಅಗ್ಗದ ಸಾಧನ ಅಪರೂಪ. ನೀರಿಗೆ ಎರಡು ಹನಿ ಹಾಲು ಬೆರೆಸಿ ಓರೆಯಾಗಿ ಕಿರಣ ಬಿಟ್ಟರೆ, ಬೆಳಕು ಬಾಗುವುದು ಎದ್ದು ಕಾಣುತ್ತದೆ. ತಲೆಗೂದಲೊಂದನ್ನು ಕಿರಣಕ್ಕೆ ಅಡ್ಡ ಹಿಡಿದರೆ ಗೋಡೆಯ ಮೇಲೆ ಕೆಂಪು ಚುಕ್ಕೆಗಳ ಸಾಲು ಮೂಡುತ್ತದೆ. ಅವುಗಳ ಅಂತರದಿಂದ ಕೂದಲಿನ ದಪ್ಪವನ್ನೇ ಲೆಕ್ಕಹಾಕಬಹುದು. 1964ರಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದ ಕುಮಾರ್ ಪಟೇಲರು ಹುಟ್ಟಿದ್ದು ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಅಥಣಿ, ಕಾಗವಾಡದ ಮಕ್ಕಳಿಗೇಕೆ ಅಂಥ ಕುತೂಹಲ ಬೇಡ?

ಇನ್ನು ದೋಷ. ಸಾದಾ ಟಾರ್ಚಿನಂತೆ ಈ ಬೆಳಕು ಹರಡುವುದಿಲ್ಲ. ಕಣ್ಣಿನ ಮಸೂರ ಅದನ್ನು ಅಕ್ಷಿಪಟಲದ ಒಂದೇ ಬಿಂದುವಿಗೆ ಕೂಡಿಸುತ್ತದೆ. ಒಲೆಯ ಬಿಸಿ ತಾಗಿದರೆ ಕೈ ತಾನೇ ಹಿಂದೆ ಸರಿಯುತ್ತದೆ. ಅಕ್ಷಿಪಟಲಕ್ಕೆ ನೋವೇ ತಿಳಿಯದು. ಶಕ್ತಿ 1 ಮಿಲಿವ್ಯಾಟಿನೊಳಗಿದ್ದರೆ ಸಾಮಾನ್ಯವಾಗಿ ರೆಪ್ಪೆಯ ಮಿಟುಕೇ ಕಾಪಾಡುತ್ತದೆ. ಆದರೆ ಅಗ್ಗದ ಮಾಲಿನಲ್ಲಿ ಚೀಟಿಯ ಅಂಕಿ ಒಂದು, ಹೊರಡುವ ಬೆಳಕು ಇನ್ನೊಂದು ಆಗುವುದುಂಟು. ಮೆರವಣಿಗೆಯ ಲೇಸರುಗಳಂತೂ ಇನ್ನೂ ಪ್ರಬಲ; 2024ರ ಗಣೇಶೋತ್ಸವದಲ್ಲಿ ಪುಣೆ ಪೊಲೀಸರು ಅವನ್ನು ನಿಷೇಧಿಸಬೇಕಾಯಿತು.

ಆದ್ದರಿಂದ ತಾಯಂದಿರೇ, ಜಾತ್ರೆಯಲ್ಲಿ ಮಗು ಎಷ್ಟೇ ಹಟ ಹಿಡಿದರೂ ಕೊಡಿಸಬೇಡಿರಿ. ಬೇಕೇ ಆದರೆ ಶಾಲಾ ಸಾಮಗ್ರಿಯ ಅಂಗಡಿಯಲ್ಲಿ ಶಕ್ತಿ ವಿಚಾರಿಸಿ, ಬಿಲ್ಲು ಪಡೆದು ಕೊಳ್ಳಿರಿ. ಕನ್ನಡಿ, ಸ್ಟೀಲ್ ಪಾತ್ರೆಗಳಿಂದ ದೂರವಿಟ್ಟು ನೀವೇ ತೋರಿಸಿರಿ. ಪಾಠ ಮುಗಿದ ಮೇಲೆ ಅದರ ಜಾಗ ಕತ್ತರಿ, ಬ್ಲೇಡುಗಳ ಜೊತೆಗೇ, ಮೇಲಿನ ಕಪಾಟಿನಲ್ಲಿ.