ಗೋಧಿ ಬಣ್ಣ, ಶರಪಂಜರ, ತಿಥಿ: ಮನೆಯಲ್ಲಿ ಕೂತು ನೋಡಿದ ಮೂರು ಚಿತ್ರಗಳು

ನಮ್ಮ ಸಂಪಾದಕರದು ಒಂದು ಅಭ್ಯಾಸ. ಯಾರಾದರೂ ಸಿನಿಮಾ ಬಗ್ಗೆ ನಾಲ್ಕು ಮಾತಾಡಿದರೆ ಸಾಕು, "ಅದನ್ನೇ ಎರಡು ಪುಟ ಬರೆದುಕೊಡಿ ಡಾಕ್ಟ್ರೇ" ಎಂದು ಹಿಡಿದುಕೊಳ್ಳುತ್ತಾರೆ. ನಾನು ವಿಮರ್ಶಕನಲ್ಲ, ಕ್ಯಾಮೆರಾ, ಎಡಿಟಿಂಗ್ ಇತ್ಯಾದಿ ನನಗೆ ಅಷ್ಟಾಗಿ ತಿಳಿಯದು. ರೋಗಿಗಳನ್ನೂ, ಅವರ ಜೊತೆ ಬರುವ ಮನೆಯವರನ್ನೂ ಬಹಳ ವರ್ಷ ನೋಡಿದ್ದೇನೆ. ಆ ಕಣ್ಣಿನಿಂದಲೇ ಈ ಚಳಿಗಾಲದಲ್ಲಿ ಸೋಫಾದ ಮೇಲೆ ಕೂತು ಕಂಡ ಮೂರು ಕನ್ನಡ ಚಿತ್ರಗಳ ಬಗ್ಗೆ ಬರೆಯುತ್ತಿದ್ದೇನೆ. ಕಥೆ ಹೇಳಿಬಿಟ್ಟೆ ಎಂದು ಬೈಯಬೇಡಿ. ಮೂರರಲ್ಲಿ ಒಂದಕ್ಕೆ ಐವತ್ತು ವರ್ಷ ದಾಟಿದೆ!

ನಮ್ಮ ಸಿನಿಮಾಗಳಲ್ಲಿ ಕಾಯಿಲೆಯೆಂದರೆ ಸಾಮಾನ್ಯವಾಗಿ ಎರಡೇ ದೃಶ್ಯ. ಡಾಕ್ಟರು ಕನ್ನಡಕ ತೆಗೆದು ತಲೆಯಾಡಿಸುವುದು ಒಂದು. ತಲೆಗೆ ಪೆಟ್ಟು ಬಿದ್ದು ಹೋದ ನೆನಪು ಇನ್ನೊಂದು ಪೆಟ್ಟಿಗೆ ವಾಪಸ್ಸು ಬರುವುದು ಇನ್ನೊಂದು. ನಿಜವಾದ ಕಥೆ ಶುರುವಾಗುವುದು ರೋಗಿ ಮನೆಗೆ ಬಂದ ಮೇಲೆ. ಅದನ್ನು ತೋರಿಸುವ ಧೈರ್ಯ ಮಾಡಿದ ಚಿತ್ರಗಳು ಕಡಿಮೆ.

ಪುಟ್ಟಣ್ಣ ಕಣಗಾಲರ 'ಶರಪಂಜರ' (1971) ಆ ಧೈರ್ಯ ಮಾಡಿತ್ತು. ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅವರ ಅಭಿನಯ. ಕಾವೇರಿ ಎಂಬ ಗೃಹಿಣಿಗೆ ಎರಡನೆಯ ಹೆರಿಗೆಯ ನಂತರ ಬುದ್ಧಿಭ್ರಮಣೆಯಾಗುತ್ತದೆ. ಬಾಣಂತಿಯರಲ್ಲಿ ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಸಕಾಲದಲ್ಲಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮನಸ್ಸಿನಲ್ಲಿ ಅದುಮಿಟ್ಟ ಹಳೆಯ ಗುಟ್ಟೇ ಇದಕ್ಕೆ ಕಾರಣ ಎನ್ನುವ ಚಿತ್ರದ ವಿವರಣೆಯನ್ನು ಇಂದಿನ ಮನೋವೈದ್ಯರು ಅಷ್ಟು ಸುಲಭವಾಗಿ ಒಪ್ಪಲಾರರು. ಮೊದಲರ್ಧದ ಹಾಡುಗಳೂ ಈಗ ಕೊಂಚ ಉದ್ದವೆನಿಸುತ್ತವೆ.

ಆದರೆ ಕಾವೇರಿ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳಲ್ಲ, ಅಲ್ಲಿಂದ ಮುಂದೆ ಚಿತ್ರ ಮೈ ಜುಮ್ಮೆನ್ನಿಸುವಷ್ಟು ಸತ್ಯ. ಅವಳು ನಕ್ಕರೂ ಅನುಮಾನ, ಸಿಟ್ಟು ಬಂದರೂ ಅನುಮಾನ. ಬೇರೆ ಹೆಂಗಸಿಗೆ ಸಹಜವಾದದ್ದೆಲ್ಲ ಇವಳಲ್ಲಿ ರೋಗಲಕ್ಷಣ. ಗಂಡ ಬೇರೊಬ್ಬಳತ್ತ ವಾಲಿದ್ದು ಮಾತ್ರ ಯಾರ ಕಣ್ಣಿಗೂ ಕಾಯಿಲೆಯಲ್ಲ! ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುವುದು ಮನೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಕೂಸಿನೊಡನೆಯೇ ದಾಖಲು ಮಾಡಿಕೊಳ್ಳುವ ವಿಭಾಗ 2009ರಲ್ಲಿ ಶುರುವಾಯಿತು. ತಾಯಿಯ ಚಿಕಿತ್ಸೆಯಲ್ಲಿ ಮಗುವಿಗೂ ಮನೆಯವರಿಗೂ ಪಾಲಿದೆ ಎಂಬುದನ್ನು ಪುಟ್ಟಣ್ಣನವರ ಚಿತ್ರ 1971ರಲ್ಲೇ ತಲೆಕೆಳಗು ಮಾಡಿ ತೋರಿಸಿತ್ತು.

ಎರಡನೆಯದು ರಾಮ್ ರೆಡ್ಡಿ ಅವರ 'ತಿಥಿ'. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದದ್ದು. ಮಂಡ್ಯ ಸೀಮೆಯ ಹಳ್ಳಿಯವರೇ ಪಾತ್ರಧಾರಿಗಳು, ಅವರದೇ ಭಾಷೆ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುವುದರಿಂದ ಶುರುವಾಗಿ ಹನ್ನೊಂದನೆಯ ದಿನದ ತಿಥಿ ಊಟಕ್ಕೆ ಮುಗಿಯುವ ಕಥೆ. ಇದರಲ್ಲಿ ರೋಗವಿಲ್ಲ. ಆದರೆ ಅಡ್ಡಿಯಾದ ಅಪ್ಪನಿದ್ದಾನೆ. ಸೆಂಚುರಿ ಗೌಡನ ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯಿಲ್ಲ. ಬೀಡಿ, ಬ್ರಾಂದಿ, ತಿರುಗಾಟ ಇಷ್ಟೇ ಅವನ ಪ್ರಪಂಚ. ಜಮೀನು ಮಾರಬೇಕೆಂದಿರುವ ಅವನ ಮಗ ತಮ್ಮಣ್ಣ, ಅಪ್ಪನ ಕೈಗೆ ದುಡ್ಡು ಕೊಟ್ಟು ಊರು ಬಿಡಿಸಿ, ಲಂಚ ಕೊಟ್ಟು ಅಪ್ಪ ಸತ್ತನೆಂದು ಸರ್ಟಿಫಿಕೇಟು ಮಾಡಿಸುತ್ತಾನೆ. ಡೆತ್ ಸರ್ಟಿಫಿಕೇಟುಗಳಿಗೆ ಸಹಿ ಹಾಕಿ ಅಭ್ಯಾಸವಿರುವ ನನಗೆ ನಗು ತಡೆಯಲಾಗಲಿಲ್ಲ, ಸ್ವಲ್ಪ ಹೊತ್ತಿಗೆ ನಗು ನಿಂತೂಹೋಯಿತು. ತಮ್ಮಣ್ಣ ಕೆಟ್ಟವನಲ್ಲ, ಸಾಲ ಮಾಡಿ ಒದ್ದಾಡುತ್ತಿರುವ ಸಂಸಾರಸ್ಥ. ಚಿತ್ರ ಅವನಿಗೆ ಬುದ್ಧಿ ಹೇಳುವುದಿಲ್ಲ. ಕುರಿಗಾಹಿಗಳ ಜೊತೆ ಕೂತಾಗ ಗಡ್ಡಪ್ಪ ತನ್ನ ಬಾಳಿನ ನೋವನ್ನು ಬಾಯಿಬಿಟ್ಟು ಹೇಳುತ್ತಾನೆ. ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಮೂರನೆಯದು, ನನಗೆ ಬಹಳ ಹತ್ತಿರವಾದದ್ದು, ಹೇಮಂತ್ ರಾವ್ ಅವರ ಮೊದಲ ಚಿತ್ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016). ಆಲ್‌ಝೈಮರ್ ಕಾಯಿಲೆಯ ವೆಂಕೋಬ ರಾವ್ ಆಗಿ ಅನಂತ್ ನಾಗ್. ಮುಂಬೈಯಿಂದ ಬಂದ ಮಗ ಶಿವ (ರಕ್ಷಿತ್ ಶೆಟ್ಟಿ) ಅಪ್ಪನನ್ನು ಆರೈಕೆ ಕೇಂದ್ರದಿಂದ ಹೊರಗೆ ಕರೆದುಕೊಂಡು ಹೋಗಿ ಅಜಾಗರೂಕತೆಯಿಂದ ಕಳೆದುಕೊಳ್ಳುತ್ತಾನೆ.

ಹೆಸರೇ ಅರ್ಧ ಕಥೆ. ಊರಿನಲ್ಲಿ ಬೆಳೆದವರೆಲ್ಲ 'ಕಾಣೆಯಾಗಿದ್ದಾರೆ' ಪ್ರಕಟಣೆಗಳಲ್ಲಿ ಈ ಮಾತು ಓದಿದವರೇ. ನಾವು ಎಂ.ಬಿ.ಬಿ.ಎಸ್.ನಲ್ಲಿ ಕೇಸ್ ಒಪ್ಪಿಸುವಾಗಲೂ ಪ್ರತಿ ರೋಗಿಗೂ 'ಮಾಡರೇಟ್ಲಿ ಬಿಲ್ಟ್ ಅಂಡ್ ನರಿಷ್ಡ್' ಎಂದು ಗಿಣಿಪಾಠ ಒಪ್ಪಿಸುತ್ತಿದ್ದೆವು. ಯಾರಿಗೆ ಬೇಕಾದರೂ ಹೊಂದುವ ಮಾತು, ಆದ್ದರಿಂದ ಯಾರನ್ನೂ ಗುರುತಿಸದ ಮಾತು. ಅಪ್ಪನ ಬಗ್ಗೆ ಮಗನಿಗೆ ಗೊತ್ತಿರುವುದೂ ಅಷ್ಟೇ. ಅಪ್ಪ ಅಮ್ಮನ ಪ್ರೇಮಕಥೆ ಅವನಿಗಿಂತ ಹೆಚ್ಚಾಗಿ ಡಾಕ್ಟರಿಗೆ ಗೊತ್ತು!

ಅನಂತ್ ನಾಗ್ ಎಲ್ಲಿಯೂ 'ಮರೆವಿನ ನಟನೆ' ಮಾಡುವುದಿಲ್ಲ. ಬೆಳಗಿನ ಸಂಗತಿ ಅಳಿಸಿಹೋಗಿದೆ, ಪುಷ್ಪಾಳ ನೆನಪು ಮಾತ್ರ ನಿನ್ನೆಯದೆಂಬಂತೆ ಇದೆ. ಎಲ್ಲಕ್ಕೂ ಮಿಗಿಲಾಗಿ ಸಭ್ಯತೆ ಹೋಗಿಲ್ಲ. ಈ ಕಾಯಿಲೆಯಲ್ಲಿ ಆಗುವುದೂ ಹೀಗೆಯೇ. ದೂರುಗಳೂ ಇವೆ. ಕೊಲೆಗಡುಕರ ವ್ಯಾನಿನ ಕಥೆ ಬೇರೆ ಸಿನಿಮಾದಿಂದ ದಾರಿ ತಪ್ಪಿ ಬಂದಂತಿದೆ, ಸುತ್ತಾಟ ಉದ್ದವಾಯಿತು. ರೋಗಿಯ ಮಗನಿಗೂ ಡಾಕ್ಟರಿಗೂ ಪ್ರೀತಿ ಬೆಳೆಯುವುದನ್ನು ಕಂಡರೆ ಇಲ್ಲಿಯ ಎಥಿಕ್ಸ್ ಕಮಿಟಿಯವರು ಬೆಚ್ಚಿಬೀಳುತ್ತಾರೆ. ಆದರೂ ಅಪ್ಪನನ್ನು ಹುಡುಕುತ್ತ ಹೋದ ಮಗನಿಗೆ ಅಪ್ಪ ಪರಿಚಯವಾಗುತ್ತ ಹೋಗುವ ಭಾಗ ಈ ತಪ್ಪುಗಳನ್ನೆಲ್ಲ ಮನ್ನಿಸುವಂತೆ ಮಾಡುತ್ತದೆ.

ಇದು ನಮ್ಮಂಥವರ ಕಥೆ. ಶಿವ ಇದ್ದದ್ದು ಮುಂಬೈಯಲ್ಲಿ, ನಾವಿರುವುದು ಸಮುದ್ರದಾಚೆ. ನಮ್ಮ ಭಾನುವಾರದ ಫೋನು ನೆನಪಿಸಿಕೊಳ್ಳಿ: ಊಟ ಆಯ್ತಾ, ಮಳೆ ಬಂತಾ, ಮಾತ್ರೆ ತಗೊಂಡ್ರಾ? ಮೂರಕ್ಕೂ "ಹೂಂ, ಆಯ್ತಪ್ಪ." ಮರೆವಿನ ಕಾಯಿಲೆಯ ಮೊದಲ ಹಂತದಲ್ಲಿರುವವರು ಸಲೀಸಾಗಿ ಪಾಸಾಗುವ ಪರೀಕ್ಷೆ ಇದೇ! ಅಭ್ಯಾಸದ ಉತ್ತರಕ್ಕೆ ನೆನಪಿನ ಶಕ್ತಿ ಬೇಕಿಲ್ಲ. ಬದಲಿಗೆ ನಿನ್ನೆ ಮನೆಗೆ ಯಾರು ಬಂದಿದ್ದರು, ಏನು ಮಾತಾಡಿದಿರಿ ಎಂದು ಕೇಳಿ. ಅದೇ ಪ್ರಶ್ನೆ ಒಂದೇ ಫೋನಿನಲ್ಲಿ ಮೂರು ಸಲ ಬಂದರೆ, ಪರಿಚಯದ ರಸ್ತೆಯಲ್ಲಿ ದಾರಿ ತಪ್ಪಿದರೆಂದು ಪಕ್ಕದ ಮನೆಯವರು ಹೇಳಿದರೆ, "ವಯಸ್ಸಾಯ್ತು" ಎಂದು ಬಿಟ್ಟುಬಿಡಬೇಡಿ. ಮರೆವೆಲ್ಲ ಆಲ್‌ಝೈಮರ್ ಅಲ್ಲ. ಬಿ-12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವುಗಳಿಂದಲೂ ಬರುತ್ತದೆ, ಇವುಗಳಿಗೆ ಔಷಧವಿದೆ.

ಕೊನೆಗೆ ನನ್ನ ಪ್ರಿಸ್ಕ್ರಿಪ್ಷನ್. (ಅಕ್ಷರ ಅರ್ಥವಾಗದಿದ್ದರೆ ಫಾರ್ಮಸಿಯವರನ್ನು ಕೇಳಿ.) 'ತಿಥಿ'ಯನ್ನು ಗೆಳೆಯರೊಡನೆ ನೋಡಿ. 'ಶರಪಂಜರ'ವನ್ನು ಗಂಡಂದಿರು ತಪ್ಪದೆ ಕೊನೆಯವರೆಗೆ ನೋಡತಕ್ಕದ್ದು. 'ಗೋಧಿ ಬಣ್ಣ'ವನ್ನು ಕನ್ನಡ ಅರ್ಧಂಬರ್ಧ ಬರುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಅಜ್ಜ ಅಜ್ಜಿಯ ಮದುವೆ ಹೇಗಾಯಿತೆಂದು ಅವರು ಕೇಳಬಹುದು. ಉತ್ತರ ನಿಮಗೆ ಗೊತ್ತಿಲ್ಲದಿದ್ದರೆ, ಹೇಳುವವರು ಇರುವಾಗಲೇ ಫೋನು ಮಾಡಿ ಕೇಳಿ. ನನ್ನ ಅಭಿಪ್ರಾಯ ಒಪ್ಪದವರು ಮುಂದಿನ ಸಂಚಿಕೆಗೆ ಖಂಡಿತ ಬರೆಯಿರಿ, ಸಂಪಾದಕರಿಗೂ ಖುಷಿಯಾಗುತ್ತದೆ.