ಖಾಲಿ ಗೋದಲಿಯ ಮುಂದೆ ಮೊಮ್ಮಕ್ಕಳು

ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳ ಎದುರು ನಕ್ಷತ್ರಗಳು ತೂಗಾಡತೊಡಗಿವೆ. ಈಚೆಗೆ ಅವುಗಳ ಜೊತೆ ಸಿದ್ಧ ಗೋದಲಿಗಳೂ ಬರುತ್ತವೆ. ಡಬ್ಬಿ ತೆರೆದು ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದರೆ ಕೆಲಸ ಮುಗಿಯಿತು. ಮರಿಯಮ್ಮ, ಜೋಸೆಫರು, ಬಾಲಯೇಸು, ಕುರುಬರು, ಜ್ಞಾನಿಗಳು ಎಲ್ಲರೂ ಒಂದೇ ಹಲಗೆಗೆ ಅಂಟಿಕೊಂಡೇ ಇರುತ್ತಾರೆ. ನೋಡಲು ಚೆಂದವೇ. ಆದರೂ ಮನೆಗೆ ಮೊಮ್ಮಕ್ಕಳು ಬರುವುದಿದ್ದರೆ ಅದನ್ನು ಕೊಳ್ಳಬೇಡಿ. ಗೋದಲಿಗೆ ಒಬ್ಬೊಬ್ಬರೂ ನಡೆದು ಬರಬೇಕು. ಅವರನ್ನು ನಡೆಸಿಕೊಂಡು ಬರುವುದು ಮಕ್ಕಳ ಕೈ. ಮಕ್ಕಳಿಗೆ ಹಬ್ಬದ ಕಥೆ ಮನಸ್ಸಿಗಿಳಿಯುವುದು ಹಾಗೆಯೇ.

ಮೊದಲ ಗೋದಲಿಯಲ್ಲಿ ಬೊಂಬೆಗಳೇ ಇರಲಿಲ್ಲ ಎಂದರೆ ಮಕ್ಕಳು ನಂಬುವುದಿಲ್ಲ. 1223ರ ಕ್ರಿಸ್‌ಮಸ್‌ಗೆ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಸಂತ ಫ್ರಾನ್ಸಿಸ್ ಅಸಿಸಿ ತಮ್ಮ ಗೆಳೆಯ ಜೊವಾನ್ನಿಗೆ ಹೇಳಿ ತರಿಸಿದ್ದು ಇಷ್ಟೇ: ಒಂದು ಗೋದಲಿ, ಅದರ ತುಂಬ ಹುಲ್ಲು, ಒಂದು ಎತ್ತು, ಒಂದು ಕತ್ತೆ. ಮರಿಯಮ್ಮ, ಜೋಸೆಫರ ವೇಷ ಹಾಕಿದವರೂ ಇರಲಿಲ್ಲ. ಆ ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು, ಸುತ್ತಲಿನ ಊರಿನವರು ದೀಪ ಹಿಡಿದು ಬಂದು ನಿಂತರು. ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊಗೆ ಹೋಗಿ, ಮನೆಮನೆಯಲ್ಲಿ ಗೋದಲಿ ಮಾಡುವ ಸಂಪ್ರದಾಯ ಬಿಡಬೇಡಿ ಎಂದು ಕೋರುವ ಪತ್ರಕ್ಕೆ ಸಹಿ ಹಾಕಿದರು. ಅಜ್ಜ-ಅಜ್ಜಿಯರಿಗೆ ಇದಕ್ಕಿಂತ ಹೆಚ್ಚಿನ ಅಪ್ಪಣೆ ಬೇಕೇ?

ನಮ್ಮ ಮನೆಯ ಕ್ರಮ ಹೇಳುತ್ತೇನೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಮೂರು ನೇರಳೆ, ಒಂದು ಗುಲಾಬಿ ಬಣ್ಣದ ಮೇಣದ ಬತ್ತಿ ಇಟ್ಟ ಹಸಿರು ವೃತ್ತ ಸಿದ್ಧವಾಗುತ್ತದೆ. ವಾರಕ್ಕೊಂದು ಬತ್ತಿ, ಮೂರನೆಯ ವಾರ ಗುಲಾಬಿಯದು. ಇದು ಜರ್ಮನಿಯಿಂದ ಬಂದ ಪದ್ಧತಿ. 1839ರಲ್ಲಿ ಹ್ಯಾಂಬರ್ಗಿನಲ್ಲಿ ವಿಖರ್ನ್ ಎಂಬ ಪಾದ್ರಿ ತಾನು ಸಾಕುತ್ತಿದ್ದ ಬಡಮಕ್ಕಳಿಗೆ ದಿನ ಎಣಿಸಲೆಂದು ಗಾಡಿಯ ಚಕ್ರದ ಮೇಲೆ ಬತ್ತಿ ಹಚ್ಚಿಟ್ಟಿದ್ದರಿಂದ ಶುರುವಾಯಿತು ಎನ್ನುತ್ತಾರೆ. ನಮ್ಮಲ್ಲಿ ಮೊದಲ ಬತ್ತಿ ಹಚ್ಚುವಾಗ ಮೊಮ್ಮಕ್ಕಳು ಇನ್ನೂ ದುಬೈಯಲ್ಲಿರುತ್ತಾರೆ. ಅಲ್ಲಿ ಅವರೂ ಅದೇ ಹೊತ್ತಿಗೆ ಒಂದು ಬತ್ತಿ ಹಚ್ಚುತ್ತಾರೆ.

ನಿಜವಾದ ಕೆಲಸ ಶುರುವಾಗುವುದು ಭತ್ತದಿಂದ. ಗೋದಲಿಯ ಸುತ್ತ ಹಸಿರು ಗದ್ದೆ ಬೇಕು, ಅದು ಪ್ಲಾಸ್ಟಿಕ್ ಹುಲ್ಲಾಗಬಾರದು ಎಂಬುದು ನನ್ನ ಹಟ. 12ನೇ ತಾರೀಕು ರಾತ್ರಿ ಭತ್ತ ನೆನೆಹಾಕುತ್ತೇನೆ, ಮರುದಿನ ನೀರು ಬಸಿದು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡುತ್ತೇನೆ. 14ಕ್ಕೆ ಮಕ್ಕಳು ಬಂದಿಳಿಯುವಾಗ ಬಿಳಿ ಮೊಳಕೆ ಇಣುಕಿರುತ್ತದೆ. ಹಳೆಯ ತಟ್ಟೆಗಳಲ್ಲಿ ಎರಡು ಬೆರಳು ದಪ್ಪ ಮಣ್ಣು ಹರಡಿ, ಅವರ ಕೈಯಿಂದಲೇ ಬಿತ್ತಿಸಿ, ಮೇಲೆ ತೆಳ್ಳಗೆ ಬೈಹುಲ್ಲು ಮುಚ್ಚಿಸುತ್ತೇನೆ. ನೀರನ್ನು ಸುರಿಯಬಾರದು, ಕೈಯಲ್ಲಿ ಚಿಮುಕಿಸಬೇಕು. ಮೂರನೆಯ ದಿನ ಹುಲ್ಲು ತೆಗೆದರೆ ಸೂಜಿಯಂಥ ಎಳೆಗಳು ಹಳದಿಯಾಗಿ ನಿಂತಿರುತ್ತವೆ, ಒಂದು ಬಿಸಿಲಿಗೆ ಹಸಿರಾಗುತ್ತವೆ. ಹಬ್ಬದ ದಿನಕ್ಕೆ ನಾಲ್ಕು ಬೆರಳು ಎತ್ತರ. ರಾಗಿಯಾದರೆ ಎರಡು ದಿನ ತಡವಾಗಿ ಬಿತ್ತಿದರೂ ನಡೆದೀತು, ಆದರೆ ಅಷ್ಟು ಎತ್ತರ ಬಾರದು. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಮನೆಗಳಲ್ಲಿ ಡಿಸೆಂಬರ್ 4ರ ಸಂತ ಬಾರ್ಬರಾ ಹಬ್ಬದಂದು ಮೂರು ತಟ್ಟೆಗಳಲ್ಲಿ ಗೋಧಿ ಬಿತ್ತುತ್ತಾರೆ. ಅಲ್ಲಿ ಗೋಧಿ, ಇಲ್ಲಿ ಭತ್ತ. ದಿನಕ್ಕೆ ಮೂರು ಸಲ ತಟ್ಟೆಯ ಹತ್ತಿರ ಕೂತು ಬೆರಳಿನಿಂದ ಅಳೆಯುವ ಮಗುವಿಗೆ ಕಾಯುವುದೆಂದರೇನು ಎಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹಟ್ಟಿಗೆ ಬೇಕಾದ್ದೆಲ್ಲ ಹಿತ್ತಿಲಲ್ಲೇ ಸಿಗುತ್ತದೆ. ಕೆಂಪುಕಲ್ಲಿನ ಚೂರು, ಒಡೆದ ಹಂಚು, ಮಾಡಿಗೆ ಅಡಿಕೆ ಹಾಳೆ, ಬಾವಿಕಟ್ಟೆಯ ಮೇಲಿನ ಪಾಚಿ. ಪಾಚಿಯನ್ನು ಅಗಲವಾದ ಕತ್ತಿಯಿಂದ ಮಣ್ಣಿನ ಸಮೇತ ಎಬ್ಬಿಸಿದರೆ ಹಬ್ಬ ಮುಗಿಯುವವರೆಗೂ ಒಣಗದು. ಕೊಳಕ್ಕೆ ಕನ್ನಡಿ ಚೂರು ಇಡುವ ರೂಢಿ ಇದೆ. ಮಕ್ಕಳ ಕೈಗೆ ಅದು ಬೇಡ, ಮಣ್ಣಿನ ಬಟ್ಟಲಲ್ಲಿ ನೀರೇ ಇರಲಿ. ಬೊಂಬೆಗಳು ಬಿದ್ದರೆ ಒಡೆಯುತ್ತವೆಂದು ಮುಟ್ಟಗೊಡದ ಮನೆಗಳುಂಟು. ಮಕ್ಕಳು ಮುಟ್ಟಬಾರದ ಗೋದಲಿ ಏಕೆ ಬೇಕು? ಕಡಿಮೆ ಬೆಲೆಯ ಸುಟ್ಟ ಮಣ್ಣಿನ ಬೊಂಬೆಗಳನ್ನು ಕೊಳ್ಳಿ. ಕುರಿಯ ಕಿವಿ ಮುರಿದರೆ ಅಂಟಿಸಿದರಾಯಿತು.

ನಕ್ಷತ್ರವನ್ನೂ ಮನೆಯಲ್ಲೇ ಕಟ್ಟುತ್ತೇವೆ. ಒಂದೇ ಉದ್ದದ ಹತ್ತು ಬಿದಿರ ಕಡ್ಡಿ ಸೀಳಿಕೊಳ್ಳಬೇಕು. ಐದೈದರಲ್ಲಿ ಒಂದೊಂದು ಚೌಕಟ್ಟು, ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ನೂಲಿನಿಂದ ಬಿಗಿಯಬೇಕು. ಒಳಗೆ ಕಡ್ಡಿಗಳು ಹಾಯುವ ಐದು ಕಡೆ ನಾಲ್ಕು ಬೆರಳುದ್ದದ ಗೂಟ ನಿಲ್ಲಿಸಿದಾಗ ನಕ್ಷತ್ರಕ್ಕೆ ಹೊಟ್ಟೆ ಬರುತ್ತದೆ. ಮೈದಾ ಅಂಟಿನಿಂದ ಬಿಳಿ ಕಾಗದ ಹಚ್ಚಿ, ಒಳಗೆ ಬಿಸಿಯಾಗದ ಸಣ್ಣ ಎಲ್‌ಇಡಿ ದೀಪ ಇಡಿ. ದೀಪ ಮಿನುಗಿ ಮಿನುಗಿ ಆರಬಾರದು. ದಾರಿ ತೋರಿಸಿದ ನಕ್ಷತ್ರ ಅದು, ರಾತ್ರಿಯಿಡೀ ಉರಿಯಲಿ.

ಹಟ್ಟಿ ಸಿದ್ಧವಾದ ದಿನ ಅದರೊಳಗೆ ಎತ್ತು ಮತ್ತು ಕತ್ತೆ ಮಾತ್ರ. ಈ ಎರಡೂ ಲೂಕನ ಶುಭಸಂದೇಶದ ಜನನದ ಕಥೆಯಲ್ಲಿಲ್ಲ. ಎತ್ತು ತನ್ನ ಯಜಮಾನನನ್ನೂ ಕತ್ತೆ ತನ್ನ ಗೋದಲಿಯನ್ನೂ ಬಲ್ಲದು ಎಂಬ ಅರ್ಥದ ಯೆಶಾಯನ ಮಾತಿನಿಂದ ಬಂದು ನಿಂತವು. ಮರಿಯಮ್ಮ ಮತ್ತು ಜೋಸೆಫರು ಅಡುಗೆಮನೆಯ ಕಿಟಕಿಯಿಂದ ಹೊರಡುತ್ತಾರೆ, ದಿನಕ್ಕೆ ಒಂದು ಮೊಳ. ನಡುವಿನ ಗೋದಲಿ ಖಾಲಿ. ದಿನದಲ್ಲಿ ಯಾರಿಗಾದರೂ ಒಂದು ಉಪಕಾರ ಮಾಡಿದ ಮಗು ರಾತ್ರಿ ಪ್ರಾರ್ಥನೆಗೆ ಮುಂಚೆ ಅದರಲ್ಲಿ ಒಂದು ಎಳೆ ಹುಲ್ಲು ಹಾಕಬಹುದು. ಏನು ಉಪಕಾರ ಎಂದು ನಾನು ಕೇಳುವುದಿಲ್ಲ, ಎಣಿಸುವುದೂ ಇಲ್ಲ. ಕಳೆದ ವರ್ಷ ಕಿರಿಯವನು ಒಂದು ರಾತ್ರಿ ಗೋದಲಿಯ ಹತ್ತಿರ ಬಂದು, ಹುಲ್ಲು ಹಾಕದೆ ಅದನ್ನು ಕಟ್ಟಿನಲ್ಲೇ ತಿರುಗಿ ಇಟ್ಟು ಮಲಗಲು ಹೋದ. ಅವನ ಜ್ಞಾನೋಪದೇಶ ಸರಿಯಾಗಿ ನಡೆದಿದೆ ಎಂದು ನನಗೆ ಸಮಾಧಾನವಾಯಿತು.

ಪ್ರೊವಾನ್ಸಿನವರಿಂದ ಇನ್ನೊಂದನ್ನು ಕಲಿತೆವು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಚರ್ಚುಗಳು ಮುಚ್ಚಿದಾಗ ಅಲ್ಲಿಯ ಜನ ಮನೆಯಲ್ಲೇ ಪುಟ್ಟ ಬೊಂಬೆಗಳ ಗೋದಲಿ ಇಡತೊಡಗಿದರು. ಅದರಲ್ಲಿ ರೊಟ್ಟಿಯವನು, ಮೀನು ಮಾರುವವಳು, ಊರಿನ ಎಲ್ಲರೂ ತಂತಮ್ಮ ಕಸುಬಿನ ಕಾಣಿಕೆ ಹಿಡಿದು ಬರುತ್ತಾರೆ. ನಮ್ಮ ಮಕ್ಕಳೂ ಜೇಡಿಮಣ್ಣಿನಲ್ಲಿ ತಮಗೆ ಗೊತ್ತಿರುವವರನ್ನು ಮಾಡುತ್ತಾರೆ. ಹಿರಿಯವಳು ಬುಟ್ಟಿ ಹೊತ್ತ ಮೀನಿನ ಬಾಯಮ್ಮನನ್ನು ಮಾಡಿದಳು. ಕಿರಿಯವನು ದುಬೈಯ ಟ್ಯಾಕ್ಸಿ ಮಾಡಿ, "ಅಜ್ಜಿ, ಯೇಸು ಹುಟ್ಟಿದಾಗ ಟ್ಯಾಕ್ಸಿ ಇತ್ತಾ?" ಎಂದು ಕೇಳಿದ. "ಇರಲಿಲ್ಲ ಮಗಾ. ಈಗ ಇದೆಯಲ್ಲ, ಓಡಿಸುವವನೂ ಬಂದು ನೋಡಲಿ," ಎಂದೆ. ಕುರುಬರ ಪಕ್ಕದಲ್ಲಿ ಅದಕ್ಕೆ ಜಾಗ ಕೊಟ್ಟೆವು. ಕುರುಬರೂ ರಾತ್ರಿಪಾಳಿಯ ಕೆಲಸದವರೇ.

ಕ್ರಿಸ್‌ಮಸ್ ಮರದ ಬಗ್ಗೆ ನನಗೆ ಜಗಳವಿಲ್ಲ, ಆದರೆ ಅದು ಇನ್ನೊಂದು ಮೂಲೆಯಲ್ಲಿರಲಿ. ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಯೂ ಅಷ್ಟೇ. ಗೋದಲಿಯ ಮುಂದೆ ಒಂದು ದೀಪ ಸಾಕು.

24ರ ರಾತ್ರಿ ಚರ್ಚಿನಿಂದ ಬಂದ ಮೇಲೆ, ಬಟ್ಟೆ ಬದಲಿಸುವ ಮುಂಚೆ, ಮನೆಯ ಅತಿ ಕಿರಿಯರು ಬಾಲಯೇಸುವನ್ನು ಎರಡೂ ಕೈಯಲ್ಲಿ ತಂದು ಹುಲ್ಲಿನ ಮೇಲೆ ಮಲಗಿಸುತ್ತಾರೆ. ಹಿರಿಯವಳು ಲೂಕನ ಎರಡನೆಯ ಅಧ್ಯಾಯ ಓದುತ್ತಾಳೆ. ಓದುವುದು ಮಕ್ಕಳೇ ಆಗಬೇಕು, ಎಡವಿದರೂ ಸರಿ. ಜ್ಞಾನಿಗಳು ಅಂದಿನ್ನೂ ಹೊರಬಾಗಿಲ ಹತ್ತಿರವೇ. ಅವರು ಎಷ್ಟು ಮಂದಿ ಎಂದು ಮತ್ತಾಯ ಬರೆದಿಲ್ಲ. ಚಿನ್ನ, ಸಾಂಬ್ರಾಣಿ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಮೂವರಾದರು. ಅವರು ಜನವರಿ 6ರ ಹಬ್ಬಕ್ಕೆ ತಲುಪಬೇಕು. ಅಷ್ಟರಲ್ಲಿ ಮಕ್ಕಳ ಶಾಲೆ ತೆರೆದು ಅವರು ದುಬೈಗೆ ಮರಳಿರುತ್ತಾರೆ. ಹಾಗಾಗಿ ಕೊನೆಯ ಮೊಳ ದೂರವನ್ನು ಫೋನಿನಲ್ಲಿ ಅವರು ಹೇಳಿದಂತೆ ನಾನೇ ನಡೆಸುತ್ತೇನೆ. ಆಮೇಲೆಯೇ ಗೋದಲಿ ಬಿಚ್ಚುವುದು. ಭತ್ತದ ಪೈರು ಪಕ್ಕದ ಮನೆಯ ದನಕ್ಕೆ.

ಅಜ್ಜ-ಅಜ್ಜಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಮಕ್ಕಳು ಬರುವ ಮೊದಲೇ ಎಲ್ಲ ಸಿಂಗರಿಸಿ ಮುಗಿಸಿಬಿಡಬೇಡಿ. ಮುಂದಿನ ವಾರ ಈ ಅಂಕಣ ಬರುವಷ್ಟರಲ್ಲಿ ಬಿತ್ತುವ ಹೊತ್ತು ಮೀರಿರುತ್ತದೆ. ಗದ್ದೆಯಿರುವ ಯಾರಾದರೂ ಪರಿಚಯದವರಿಂದ ಒಂದು ಪಾವು ಬೀಜದ ಭತ್ತ ಇಂದೇ ತರಿಸಿಟ್ಟುಕೊಳ್ಳಿ.