ಪಕ್ಷಗಳನ್ನು ಎಣಿಸುವವರಿಗೆ ನಮ್ಮ ಪ್ರಶ್ನೆ

ದೇಶ ಉದ್ಧಾರವಾಗಲು ಬಲವಾದ ಒಂದೇ ಪಕ್ಷ ಬೇಕೆ, ಎರಡು ಬೇಕೆ, ಹತ್ತು ಬೇಕೆ? ರಾಜ್ಯಶಾಸ್ತ್ರದ ತರಗತಿಗಳಲ್ಲಿ ಈ ಲೆಕ್ಕ ಮುಗಿಯುವುದೇ ಇಲ್ಲ. ಕೇರಿಗಳಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಾವೂ ಇದನ್ನೇ ಬರೆದು ಪಾಸಾದವರು. ಆದ್ರೆ ಈ ಲೆಕ್ಕದೊಳಗೆ ನಮ್ಮ ಅಪ್ಪ ಅವ್ವಂದಿರು ಎಲ್ಲಿದ್ದಾರೆ ಅಂತ ಹುಡುಕಿದರೆ ಸಿಗೋದಿಲ್ಲ.

ರಜನಿ ಕೊಠಾರಿಯವರು 1964ರಲ್ಲಿ 'ಕಾಂಗ್ರೆಸ್ ವ್ಯವಸ್ಥೆ'ಯ ಬಗ್ಗೆ ಬರೆದರು. ನಡುವೆ ಒಮ್ಮತದ ಒಂದು ದೊಡ್ಡ ಪಕ್ಷ, ಅಂಚಿನಲ್ಲಿ ಒತ್ತಡ ಹೇರುವ ಸಣ್ಣ ಪಕ್ಷಗಳು. ಆ ಒತ್ತಡವನ್ನು ದೊಡ್ಡ ಪಕ್ಷದ ಬಣಗಳು ಒಳಕ್ಕೆ ತರುತ್ತವೆ ಎಂಬುದು ಅವರ ವಿವರಣೆ. ಇದರಲ್ಲಿ ನಿಜವಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಬೆನ್ನಿಗೆ ಬಂದದ್ದು ಸಮಾಜವಾದಿ ಪಕ್ಷ. ಅಲ್ಲಿಗೆ ಬಂದ ಲೋಹಿಯಾರನ್ನು ಬಂಧಿಸಿದರು. ಹತ್ತು ವರ್ಷದ ಮೇಲೆ 1961ರ ಭೂಸುಧಾರಣಾ ಕಾಯ್ದೆ ಬಂತು.

ಬಂತು, ಆದರೆ ಹೇಗೆ ಬಂತು? ಸ್ವಂತ ಸಾಗುವಳಿ ಅಂತ ಹೇಳಿ ಗೇಣಿ ಜಮೀನು ಹಿಂದಕ್ಕೆ ಪಡೆಯಲು ಒಡೆಯರಿಗೆ ದಾರಿ ಬಿಟ್ಟುಕೊಂಡೇ ಬಂತು. ಕೊಠಾರಿಯವರು ಹೇಳುವ ಒಮ್ಮತ ಯಾರದು? ಹೊಲ ಇದ್ದವರು ಹೊಲ ಇದ್ದವರ ಜೊತೆ ಮಾಡಿಕೊಂಡ ಒಮ್ಮತ ಅದು.

1972ರಲ್ಲೂ ಬಹುಮತ ಕಾಂಗ್ರೆಸ್ ಹೆಸರಿನ ಪಕ್ಷದ್ದೇ. ಆದರೆ ದೇವರಾಜ ಅರಸರು ಹಿಂದುಳಿದ ಸಣ್ಣ ಜಾತಿಗಳವರಿಗೆ ಟಿಕೆಟ್ ಕೊಡಿಸಿದರು. 1974ರ ತಿದ್ದುಪಡಿಯಲ್ಲಿ ಕಾಯ್ದೆಗೆ ಹಲ್ಲು ಬಂತು. ಗೇಣಿ ಜಮೀನು ಸರ್ಕಾರದ ವಶವಾಯಿತು. ಉಳುವವನು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಮುಖ್ಯವಾದದ್ದು ಪಕ್ಷಗಳ ಸಂಖ್ಯೆಯಲ್ಲ. ಒಳಗೆ ಕೂತವರು ಬದಲಾಗಿದ್ದರು.

ಅಷ್ಟಾದರೂ ನಮ್ಮ ಕೇರಿಗಳ ಬಹುಪಾಲು ಜನ ಗೇಣಿದಾರರಲ್ಲ, ಕೂಲಿಯವರು, ಜೀತದವರು. ತುಂಬೋದಕ್ಕೆ ಅವರಿಗೆ ಫಾರಂ ಎಲ್ಲಿತ್ತು? ಮಂಜೂರಾದ ತುಂಡು ನೆಲವೂ ಕೈ ತಪ್ಪುತ್ತಿತ್ತು; ಅದನ್ನು ತಡೆಯುವ ಕಾಯ್ದೆಗೆ 1978ರವರೆಗೆ ಕಾಯಬೇಕಾಯಿತು.

1983ರಿಂದ ಪಕ್ಷಗಳೂ ಬದಲಾದವು. ಜನತಾ ಸರ್ಕಾರದ ಕಾಲದಲ್ಲಿ, 1987ರಲ್ಲಿ, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು ಅಧಿಕಾರ ಊರಿನ ಹತ್ತಿರ ಬಂತು. ಒಳ್ಳೆಯದೇ. ಆದರೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನೇ ಕಿತ್ತುಹಾಕಿ, ಬೇಸಾಯ ಮಾಡದ ದುಡ್ಡಿನವನೂ ಹೊಲ ಕೊಳ್ಳಬಹುದು ಅಂದರು. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಇಷ್ಟೂ ನಡೆದದ್ದು ಪಕ್ಷಗಳ ಭಾರಿ ಪೈಪೋಟಿಯ ನಡುವೆಯೇ!

ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ: ಈ ವೈರುಧ್ಯ ಬೇಗ ಹೋಗದಿದ್ದರೆ ಪ್ರಜಾಪ್ರಭುತ್ವಕ್ಕೇ ಅಪಾಯ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಎಚ್ಚರಿಸಿದ್ದರು. ಮೇಷ್ಟ್ರುಗಳೇ, ಗೆಳೆಯರೇ, ಪಕ್ಷ ಎಷ್ಟು ಅಂತ ಕೇಳೋದು ಸಾಕು. ಟಿಕೆಟ್ ಹಂಚುವ ಜಗಲಿ ಯಾರ ಮನೆಯದು, ಆ ಜಗಲಿ ಮೇಲೆ ನಮ್ಮವರು ಕೂರಬಹುದೋ ಇಲ್ಲವೋ, ಅದನ್ನು ಕೇಳೋಣ. ದೇಶದ ಅಭಿವೃದ್ಧಿ ಅಲ್ಲಿಂದ ಶುರುವಾಗಬೇಕು.